ಆಟಕ್ಕೂ ಪಾಠಕ್ಕೂ ಒಂದೇ ಮಾನಿಟರ್: ಆಯ್ಕೆಗೊಂದು ಕೈಪಿಡಿ

ಮನೆಯಲ್ಲಿ ಒಂದೇ ಕಂಪ್ಯೂಟರ್ ಇರುವಲ್ಲಿ ಅದರ ಮಾನಿಟರ್ ಮಕ್ಕಳ ಪಾಠಕ್ಕೂ ಆಟಕ್ಕೂ ಒದಗಬೇಕಾಗುತ್ತದೆ. ಮಹಾರಾಷ್ಟ್ರದ ಬಾಲಭಾರತಿ, ಕೇರಳದ ಎಸ್‌ಸಿಇಆರ್‌ಟಿ ಮುಂತಾದ ಸಂಸ್ಥೆಗಳು ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಪಿಡಿಎಫ್ ರೂಪದಲ್ಲಿಯೂ ಒದಗಿಸುವುದರಿಂದ, ಗಡಿನಾಡಿನ ಮಕ್ಕಳಿಗೆ ಪರದೆಯೂ ಒಂದು ಪುಸ್ತಕವಾಗಿದೆ. ಜಾಹೀರಾತುಗಳು ಆಟದ ವೇಗವನ್ನು ಸಾರುತ್ತವೆ. ಕನ್ನಡ ಅಕ್ಷರ ಎಷ್ಟು ಸ್ಪಷ್ಟವಾಗಿ ಮೂಡುತ್ತದೆ ಎಂಬುದನ್ನು ಮಾತ್ರ ಕೊಳ್ಳುವವರೇ ಪರೀಕ್ಷಿಸಿಕೊಳ್ಳಬೇಕು.

ಗಾತ್ರ ಮತ್ತು ರೆಸಲ್ಯೂಷನ್

ಮಾನಿಟರಿನ ಗಾತ್ರವನ್ನು ಮೂಲೆಯಿಂದ ಮೂಲೆಗೆ ಇಂಚುಗಳಲ್ಲಿ ಅಳೆಯಲಾಗುತ್ತದೆ. 16:9 ಆಕಾರದ 24 ಇಂಚಿನ ಪರದೆಯ ಎತ್ತರ ಸುಮಾರು 29.9 ಸೆಂ.ಮೀ.; ಎ4 ಹಾಳೆಯ ಎತ್ತರ 29.7 ಸೆಂ.ಮೀ. ಪೂರ್ಣಪರದೆಯಲ್ಲಿ ತೆರೆದರೆ ಎ4 ಪುಟವೊಂದು ಅದರ ಮುದ್ರಿತ ಗಾತ್ರದಲ್ಲಿಯೇ ಕಾಣುತ್ತದೆ.

1920×1080 ಪಿಕ್ಸೆಲ್‌ಗಳ ಪರದೆ 24 ಇಂಚಿನದಾದರೆ ಪ್ರತಿ ಇಂಚಿಗೆ ಸುಮಾರು 92 ಪಿಕ್ಸೆಲ್‌ಗಳಿರುತ್ತವೆ. 27 ಇಂಚಿನದಾದರೆ ಸುಮಾರು 82. ನಮ್ಮ ಲಿಪಿಗೆ ಈ ವ್ಯತ್ಯಾಸ ಮುಖ್ಯವಾದುದು. ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಬರುವುದರಿಂದ, ಪಿಕ್ಸೆಲ್‌ಗಳು ವಿರಳವಾದಲ್ಲಿ ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂತಹ ಪದಗಳ ಒತ್ತುಗಳು ಒಂದರೊಳಗೊಂದು ಕಲಸಿದಂತೆ ತೋರುತ್ತವೆ. ಓದು ಕಲಿಯುತ್ತಿರುವ ಮಗುವಿಗೆ ಇದು ಸಣ್ಣ ತೊಡಕಲ್ಲ. 27 ಇಂಚು ಬೇಕೆನ್ನುವವರು 2560×1440 ರೆಸಲ್ಯೂಷನ್ ಆರಿಸುವುದು ಲೇಸು. ಅದರಲ್ಲಿ ಇಂಚಿಗೆ ಸುಮಾರು 109 ಪಿಕ್ಸೆಲ್‌ಗಳಿರುತ್ತವೆ. ಆದರೆ ಒಟ್ಟು ಪಿಕ್ಸೆಲ್‌ಗಳು ಸುಮಾರು 1.8 ಪಟ್ಟು ಆಗುವುದರಿಂದ ಆಟದ ವೇಳೆ ಕಂಪ್ಯೂಟರಿನ ಹೊರೆಯೂ ಹೆಚ್ಚುತ್ತದೆ.

ರಿಫ್ರೆಶ್ ರೇಟ್

ಪರದೆಯು ಸೆಕೆಂಡಿಗೆ ಎಷ್ಟು ಬಾರಿ ಚಿತ್ರವನ್ನು ಹೊಸದಾಗಿ ತೋರಿಸುತ್ತದೆ ಎಂಬುದೇ ರಿಫ್ರೆಶ್ ರೇಟ್. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ ಸುಮಾರು 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144 ಹರ್ಟ್ಸ್‌ನಲ್ಲಿ ಸುಮಾರು 6.9. ಓಟದ, ಗುರಿಯಿಡುವ ಆಟಗಳಲ್ಲಿ ಈ ಅಂತರ ಕಣ್ಣಿಗೆ ಗೋಚರಿಸುತ್ತದೆ. ಪಾಠ ಓದುವುದಕ್ಕೂ ಚದುರಂಗಕ್ಕೂ 60 ಅಥವಾ 75 ಹರ್ಟ್ಸ್ ಸಾಕು. ಕಂಪ್ಯೂಟರ್ ಸೆಕೆಂಡಿಗೆ 40 ಚಿತ್ರಗಳನ್ನಷ್ಟೇ ರಚಿಸಬಲ್ಲುದಾದರೆ 144 ಹರ್ಟ್ಸ್ ಪರದೆ ಅದನ್ನು 144 ಮಾಡಲಾರದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ ದುಬಾರಿ ಗೇಮಿಂಗ್ ಮಾನಿಟರ್ ಕೊಂಡರೆ ಹಣ ವ್ಯರ್ಥವಾದೀತು.

ಪ್ಯಾನೆಲ್

ಐಪಿಎಸ್ ಪ್ಯಾನೆಲ್‌ನಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದು. ಅಣ್ಣತಂಗಿಯರು ಒಟ್ಟಿಗೆ ಕುಳಿತು ನೋಡುವ ಮನೆಗೆ ಇದೇ ಸೂಕ್ತ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಗಾಢವಾಗಿರುತ್ತದೆ, ಆದರೆ ವೇಗದ ಚಲನೆಯಲ್ಲಿ ಕಪ್ಪು ಛಾಯೆ ಬಾಲದಂತೆ ಹಿಂಬಾಲಿಸುವುದುಂಟು. ಟಿಎನ್ ವೇಗವಾದುದಾದರೂ ಕೋನ ಬದಲಾದೊಡನೆ ಬಣ್ಣ ಮಾಸುತ್ತದೆ.

ಕೊಳ್ಳುವ ಮುನ್ನ

ಹಳೆಯ ಕಂಪ್ಯೂಟರಿನಲ್ಲಿ ವಿಜಿಎ ಮಾತ್ರವಿದೆಯೇ, ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಇದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಕೆಲವು ಮಾನಿಟರ್‌ಗಳು ತಮ್ಮ ಪೂರ್ಣ ವೇಗವನ್ನು ಡಿಸ್‌ಪ್ಲೇಪೋರ್ಟ್ ಮೂಲಕ ಮಾತ್ರ ಕೊಡುತ್ತವೆ. ಜೋಡಿಸಿದ ಬಳಿಕ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟನ್ನು ಪರಿಶೀಲಿಸಬೇಕು. 144 ಹರ್ಟ್ಸ್ ಪರದೆಯೂ ಹಲವೆಡೆ 60ರಲ್ಲಿಯೇ ಓಡುತ್ತಿರುತ್ತದೆ.

ಅಂಗಡಿಯಲ್ಲಿ ಆಟದ ಪ್ರದರ್ಶನವನ್ನಷ್ಟೇ ನೋಡದೆ, ಮಗುವಿನ ತರಗತಿಯ ಕನ್ನಡ ಪುಟವೊಂದನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ತೆರೆಸಿ, ಮಗುವಿನಿಂದಲೇ ಓದಿಸಬೇಕು. ಕಾಸರಗೋಡಿನವರು ಮಂಗಳೂರಿನಲ್ಲಿ, ತಾಳವಾಡಿಯವರು ಚಾಮರಾಜನಗರದಲ್ಲಿ ಹೀಗೆ ಗಡಿ ದಾಟಿ ಕೊಳ್ಳುವವರು ತಮ್ಮ ಊರಿನ ಪಿನ್‌ಕೋಡಿಗೆ ದುರಸ್ತಿ ಸೇವೆ ಲಭ್ಯವಿದೆಯೇ ಎಂದು ಕೇಳಿ, ಸೀರಿಯಲ್ ಸಂಖ್ಯೆಯುಳ್ಳ ಜಿಎಸ್‌ಟಿ ಬಿಲ್ ಪಡೆಯಬೇಕು.

ಕಣ್ಣಿನ ಕಾಳಜಿ

ಪರದೆಯು ಕಣ್ಣಿನಿಂದ 50–70 ಸೆಂ.ಮೀ. ದೂರದಲ್ಲಿದ್ದು, ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗಿರಲಿ. ಎತ್ತರ ಹೊಂದಿಸುವ ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿಯಾದ ಮಣೆಯೂ ಆದೀತು. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡುವ ಅಭ್ಯಾಸ ಮಕ್ಕಳಿಗೂ ಹಿರಿಯರಿಗೂ ಹಿತಕರ.

ಒಟ್ಟಿನಲ್ಲಿ, ಮಿತ ಖರ್ಚಿನ ಮನೆಗೆ 24 ಇಂಚಿನ, 1920×1080ರ ಐಪಿಎಸ್ ಪರದೆ ಯೋಗ್ಯ ಆಯ್ಕೆ. ಕಂಪ್ಯೂಟರಿಗೆ ಶಕ್ತಿಯಿದ್ದರೆ ಹೆಚ್ಚಿನ ಹರ್ಟ್ಸ್‌ಗೆ ಹಣ ಸೇರಿಸಬಹುದು. ಅಕ್ಷರದ ಸ್ಪಷ್ಟತೆಗೆ ಮೊದಲ ಸ್ಥಾನ, ವೇಗಕ್ಕೆ ಎರಡನೆಯದು.