ನಮ್ಮಜ್ಜಿ ಬಾಯಿ ಹೇಗೆ ಕಟ್ಟಿದ್ರು?

ಹೋದ ತಿಂಗಳು ನಾನು ರಕ್ತ ಪರೀಕ್ಷೆ ಮಾಡಿಸಿದ ವಿಷಯ ನಮ್ಮ ಬೀದಿಯವರಿಗೆಲ್ಲ ಆಗಲೇ ಗೊತ್ತು. ಊರಲ್ಲಿರೋ ಅಕ್ಕತಂಗಿಯರಿಗೆ ಈಗ ಹೇಳ್ತಿದೀನಿ. ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳೋ ಪರೀಕ್ಷೆ ಇದೆಯಲ್ಲ, ಎಚ್‌ಬಿಎ1ಸಿ, ಅದರಲ್ಲಿ 6.2 ಬಂತು. 5.7ರಿಂದ 6.4ರವರೆಗೆ ಗಡಿ, 6.5 ಆದರೆ ಕಾಯಿಲೆ ಅಂತ ಲೆಕ್ಕ. ನಾನು ಗಡಿ ಮೇಲೆ ನಿಂತಿದೀನಿ. ಸಿಹಿ, ಕರಿದದ್ದು ಎರಡೂ ಕಮ್ಮಿ ಮಾಡಿ ಅಂದ್ರು ಡಾಕ್ಟರು.

ಅವತ್ತೇ ಸಂಜೆ ಹೂವಿಗೆ ಅಂತ ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. ವಾಪಸ್ ಸಯ್ಯಾಜಿರಾವ್ ರಸ್ತೆಗೆ ಬಂದರೆ ತುಪ್ಪದ ಘಮ. ಮೈಸೂರಿನವರಿಗೆ ಆ ಘಮ ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ. ಕಾಲು ತಾನಾಗೇ ನಿಂತುಬಿಡ್ತು. ಕೈಯಲ್ಲಿ ಡಾಕ್ಟರ ಚೀಟಿ, ಬಾಯಲ್ಲಿ ನೀರು. ಆಗ ನಮ್ಮಜ್ಜಿ ನೆನಪಾದರು. ತೊಂಬತ್ತರ ಹತ್ತಿರ ಬಾಳಿದರು, ಒಂದು ದಿನ ಸಿಹಿ ಬೇಕು ಅಂತ ಹಟ ಹಿಡಿದವರಲ್ಲ. ಅವರಿಗೆ ಆಸೆಯೇ ಇರಲಿಲ್ವಾ? ಇಲ್ಲಾ ನಮಗಿಂತ ಮನಸ್ಸು ಗಟ್ಟಿ ಇತ್ತಾ? ಮನೆಗೆ ಬಂದು ಯೋಚನೆ ಮಾಡ್ತಾ ಮಾಡ್ತಾ ನಮ್ಮ ಕಡೆ ಸಕ್ಕರೆ ಬಂದ ಕಥೆಯನ್ನೇ ಹುಡುಕಿಕೊಂಡು ಕೂತೆ. ಅದನ್ನೇ ಇವತ್ತು ಬರೀತಿದೀನಿ.

ಅಜ್ಜಿ ಮಂಡ್ಯದ ಕಡೆಯವರು. ಅವರು ಹುಟ್ಟಿದಾಗ ಆ ಸೀಮೆಯಲ್ಲಿ ಹೆಚ್ಚಿಗೆ ಖುಷ್ಕಿ ಜಮೀನು. ರಾಗಿ, ಹುರುಳಿ, ಅವರೆ ಬೆಳೀತಿದ್ದರು. ಅನ್ನ ಹಬ್ಬದ ದಿನ, ನೆಂಟರು ಬಂದ ದಿನ ಮಾತ್ರ. ಈ ಅಕ್ಕಿ-ರಾಗಿ ಭೇದ ಇವತ್ತು ನೆನ್ನೆಯದಲ್ಲ ಕಣ್ರೀ. ಕನಕದಾಸರು 'ರಾಮಧಾನ್ಯ ಚರಿತೆ' ಬರೆದಿದ್ದೇ ಇದರ ಮೇಲೆ. ನಾನು ದೊಡ್ಡವನು ತಾನು ದೊಡ್ಡವನು ಅಂತ ಅಕ್ಕಿಗೂ ರಾಗಿಗೂ ಜಗಳ ಹತ್ತುತ್ತೆ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸ್ತಾನೆ. ಆರು ತಿಂಗಳಾದ ಮೇಲೆ ಅಕ್ಕಿ ಸೊರಗಿ ಹೋಗಿರುತ್ತೆ, ರಾಗಿ ಗಟ್ಟಿಯಾಗೇ ಇರುತ್ತೆ.

ಸಿಹಿ ಅಂದ್ರೆ ಆಗ ಬೆಲ್ಲ. ಅದೂ ಲೆಕ್ಕದ ಉಂಡೆ. ಒಬ್ಬಟ್ಟು ಯುಗಾದಿಗೆ, ಕಡುಬು ಗೌರಿ-ಗಣೇಶನಿಗೆ, ಎಳ್ಳು-ಬೆಲ್ಲ ಸಂಕ್ರಾಂತಿಗೆ. ಒಬ್ಬಟ್ಟು ಬೇಕು ಅಂದ್ರೆ ಬೇಳೆ ಬೇಯಿಸಿ ಒರಳಲ್ಲಿ ರುಬ್ಬಬೇಕು. ತೋಳು ಬಿದ್ದು ಹೋಗೋದು ಅಂತಿದ್ದರು ಅಜ್ಜಿ. ಹಂಗೆ ದುಡಿದು ತಿಂದ ಎರಡು ಒಬ್ಬಟ್ಟು ಮೈಗೆ ಏನು ಮಾಡೀತು? ಬಿಳಿ ಸಕ್ಕರೆಯಂತೂ ಅಂಗಡಿ ಸಾಮಾನಲ್ಲಿ ದುಬಾರಿ ಸಾಮಾನು. ಆ ಕಾಲಕ್ಕೆ ನಮ್ಮ ದೇಶಕ್ಕೆ ಬಿಳಿ ಸಕ್ಕರೆ ಹೆಚ್ಚಿಗೆ ಜಾವಾದಿಂದ ಹಡಗಿನಲ್ಲಿ ಬರ್ತಿತ್ತು.

ಆಮೇಲೆ ಬಂತು ಕನ್ನಂಬಾಡಿ ಕಟ್ಟೆ. 1911ರಲ್ಲಿ ಕೆಲಸ ಶುರುವಾಗಿ 1930ರ ದಶಕದ ಮೊದಲಲ್ಲಿ ಮುಗೀತು. ನಾವೀಗ ವಿಶ್ವೇಶ್ವರಯ್ಯ ನಾಲೆ ಅಂತೀವಲ್ಲ, ಆಗ ಅದಕ್ಕೆ ಇರ್ವಿನ್ ನಾಲೆ ಅಂತ ಹೆಸರು. ಅದರ ನೀರು ಹರಿದದ್ದೇ ರಾಗಿ ಹೊಲ ಕಬ್ಬಿನ ಗದ್ದೆ ಆಯ್ತು. 1932ರಲ್ಲಿ ಹೊರಗಿನ ಸಕ್ಕರೆ ಮೇಲೆ ಸುಂಕ ಹೇರಿ ಇಲ್ಲಿನ ಕಾರ್ಖಾನೆಗಳಿಗೆ ದಾರಿ ಮಾಡಿಕೊಟ್ಟರು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯ್ತು. ಅದು ಬರೋದಕ್ಕೆ ತುಂಬ ದುಡಿದವರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದ ವಿಜ್ಞಾನಿ ಒಬ್ಬರು. ಸೀಮೆಗೆಲ್ಲ ಅನ್ನ ಬಂತು, ಕೂಲಿ ಬಂತು, ಜೊತೆಗೆ ಸಕ್ಕರೆಯೂ ಬಂತು. ಅಜ್ಜಿ ಹುಡುಗಿಯಾಗಿದ್ದಾಗ ಕಬ್ಬಿನ ಗಾಡಿ ಹಿಂದೆ ಓಡಿ ಜಲ್ಲೆ ಎಳೀತಿದ್ದ ಕಥೆ ಹೇಳೋರು. ನೋಡಿ, ಆಸೆ ಅವರಿಗೂ ಇತ್ತು!

ಅರಮನೆ ಕಥೆ ಬೇರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ಕಡಲೆಹಿಟ್ಟು, ತುಪ್ಪ, ಸಕ್ಕರೆ ಸೇರಿಸಿ ಹೊಸ ಸಿಹಿಯೊಂದನ್ನ ಮಾಡಿ ಬಡಿಸಿದರಂತೆ. ಇದಕ್ಕೆ ಏನು ಹೆಸರು ಅಂತ ದೊರೆ ಕೇಳಿದಾಗ ಥಟ್ಟಂತ 'ಮೈಸೂರು ಪಾಕ' ಅಂದುಬಿಟ್ಟರಂತೆ. ಅವರ ವಂಶದವರ ಗುರು ಸ್ವೀಟ್ಸ್ ಅಂಗಡಿ ಇವತ್ತಿಗೂ ಮಾರುಕಟ್ಟೆ ಪಕ್ಕದಲ್ಲೇ ಇದೆ. ನನ್ನ ಕಾಲು ನಿಂತದ್ದು ಅಲ್ಲೇ. ದೊರೆಗಳ ತಟ್ಟೆಯ ತಿಂಡಿ ನೂರು ವರ್ಷದೊಳಗೆ ನನ್ನ ತರಕಾರಿ ಚೀಲಕ್ಕೆ ಇಳಿದಿತ್ತು.

ಹಾಗಂತ ಒಂದೇ ಏಟಿಗೆ ಎಲ್ರ ಮನೇಲೂ ಸಕ್ಕರೆ ತುಂಬಿ ತುಳುಕಲಿಲ್ಲ. ಯುದ್ಧದ ಕಾಲದಲ್ಲಿ ರೇಷನ್, ಆಮೇಲೆ ಬರ. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಸೋಮವಾರ ರಾತ್ರಿ ಒಂದು ಊಟ ಬಿಡಿ ಅಂತ ದೇಶಕ್ಕೇ ಕೇಳಿಕೊಂಡರು. ನಮ್ಮಮ್ಮ ಆಗ ಹೊಸದಾಗಿ ಮದುವೆಯಾಗಿ ಒಂಟಿಕೊಪ್ಪಲಿನ ಮನೆಗೆ ಬಂದಿದ್ದರು. ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲ. ರೇಷನ್ ಕಾರ್ಡಿನ ಸಕ್ಕರೆ ನಾಗಂದಿಗೆ ಮೇಲಿನ ಡಬ್ಬಿಯಲ್ಲಿ. ಅದು ನೆಂಟರ ಕಾಫಿಗೆ, ನಮಗೆಲ್ಲ ಬೆಲ್ಲದ ಕಾಫಿ. ನಮ್ಮ ಊರಿನ ಸಿಎಫ್‌ಟಿಆರ್‌ಐ 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಶುರುವಾಯ್ತಲ್ಲ, ಆಗ ಅವರಿಗಿದ್ದ ಚಿಂತೆಯೂ ಜನಕ್ಕೆ ಪೌಷ್ಟಿಕ ಸಾಲದು ಅನ್ನೋದೇ. ಕಡಲೆಕಾಯಿ ಹಿಂಡಿ ಹಿಟ್ಟಿಗೆ ಕಡಲೆಹಿಟ್ಟು ಸೇರಿಸಿ ಬಡವರಿಗೆ ಅಂತ ಪೌಷ್ಟಿಕ ಹಿಟ್ಟು ಮಾಡಿದರು. ಅದೇ ಊರಲ್ಲಿ ಈಗ ನನಗೆ ಹೆಚ್ಚಾಗಿದ್ದೇ ಚಿಂತೆ.

ಸಕ್ಕರೆ ಕಮ್ಮಿ ಇತ್ತು, ಅದಕ್ಕೇ ತಿನ್ನಲಿಲ್ಲ ಅಂತ ಹೇಳಿಬಿಟ್ಟರೆ ಅರ್ಧ ಕಥೆ ಆಯ್ತು. ಹಿರಿಯರು ಬಾಯಿ ಚಪಲಕ್ಕೆ ಕಟ್ಟುಪಾಡೂ ಮಾಡಿದ್ದರು. ಏಕಾದಶಿ ಉಪವಾಸ ಗೊತ್ತೇ ಇದೆ. ಚಾತುರ್ಮಾಸ್ಯದಲ್ಲಿ ವ್ರತ ಹಿಡಿಯೋರ ಮನೇಲಿ ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಕೊನೇ ತಿಂಗಳು ಬೇಳೆಕಾಳಿಲ್ಲ. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದು ಒಂದನ್ನ ಅಲ್ಲೇ ಬಿಟ್ಟು ಬರೋರು.

ಆದರೆ ಅದೇ ಜನ ಬಸುರಿ ಹೆಂಗಸಿಗೆ ಏನು ಬೇಕಮ್ಮ ಅಂತ ಕೇಳಿ ಕೇಳಿ ಬಯಕೆ ತೀರಿಸೋರು. ಗೊಂಬೆ ಹಬ್ಬದಲ್ಲಿ ಸಂಜೆ ಮಕ್ಕಳಿಗೆ ಬೊಂಬೆ ಬಾಗಿನ ಕೊಡ್ತೀವಲ್ಲ, ಅದನ್ನ ನೆನಪು ಮಾಡ್ಕೊಳ್ಳಿ. ಹೆಬ್ಬೆರಳುಗಾತ್ರದ ಕೊಬ್ಬರಿ ಮಿಠಾಯಿ, ಉಂಗುರದಂಥ ಚಕ್ಕುಲಿ. ಒಂಬತ್ತು ದಿನ ಒಂಬತ್ತು ಬಗೆ, ಎಲ್ಲ ಒಂದೊಂದು ಬಾಯಿಗೆ. ಮಕ್ಕಳಿಗೆ ತಿಂದ ಖುಷಿ ಪೂರ್ತಿ, ಹೊಟ್ಟೆಗೆ ಹೋದದ್ದು ಚೂರು.

ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು. ಅಜ್ಜಿಗೆ ನಮಗಿಂತ ಗಟ್ಟಿ ಮನಸ್ಸು ಇರಲಿಲ್ಲ. ಅವರ ಕಾಲದವರು ಆಸೆಯನ್ನ ಕೊಂದಿರಲಿಲ್ಲ, ಅದಕ್ಕೆ ಒಂದು ದಿನ, ಒಂದು ಅಳತೆ ಗೊತ್ತು ಮಾಡಿದ್ದರು. ದಿನ ಬಂದಾಗ ಎಲ್ರೂ ಕೂತು ರಾಜಾರೋಷವಾಗಿ ತಿನ್ನೋರು.

ಈ ಮಾತು ನನಗೆ ತಡವಾಗಿ ಹೊಳೀತು. ಯಾಕೆ ಅಂತ ಹೇಳ್ತೀನಿ. ಅಮ್ಮನಿಗೆ 1998ರಲ್ಲಿ ಸಕ್ಕರೆ ಕಾಯಿಲೆ ಅಂತ ಗೊತ್ತಾಯ್ತು. ಅಷ್ಟರಲ್ಲಿ ಕಾಲ ತಿರುಗಿತ್ತು. ರೇಷನ್ ಡಬ್ಬಿ ಕೆಳಗಿಳಿದಿತ್ತು, ಬೀದಿ ತುದಿಗೊಂದು ಬೇಕರಿ, ಯಾರ ಮನೆಗೆ ಹೋದರೂ ಅರ್ಧ ಕೆಜಿ ಸಿಹಿ. ನಾನು ಒಳ್ಳೇದಕ್ಕೇ ಅಂತ ಅಮ್ಮನಿಗೆ ಒಂದು ಚೂರೂ ಕೊಡದ ಹಾಗೆ ಮಾಡಿದೆ. ಮನೆಗೆ ಬಂದ ಸಿಹಿಯನ್ನ ಬೀರುವಿನಲ್ಲಿಟ್ಟು ಬೀಗ ಹಾಕ್ತಿದ್ದೆ. ಹಬ್ಬದ ದಿನ ಮೊಮ್ಮಕ್ಕಳ ಎಲೆಗೆಲ್ಲ ಒಬ್ಬಟ್ಟು, ಅಮ್ಮನ ಎಲೆಗೆ ಚಪಾತಿ.

ಒಂದು ದಿನ ರಾಗಿ ಹಿಟ್ಟಿನ ಡಬ್ಬಿಗೆ ಕೈ ಹಾಕಿದರೆ ತಳದಲ್ಲಿ ಪ್ಲಾಸ್ಟಿಕ್ ಕವರು. ಒಳಗೆ ಐದಾರು ತುಂಡು ಮೈಸೂರು ಪಾಕು. ನಾನು ಕೂಗಾಡಿಬಿಟ್ಟೆ. ಅಮ್ಮ ತಲೆ ತಗ್ಗಿಸಿಕೊಂಡು, "ನೀನೇ ಕೈಯಾರೆ ಒಂದು ಚೂರು ಕೊಟ್ಟಿದ್ದಿದ್ರೆ ನಾನ್ಯಾಕೆ ಕದೀತಿದ್ದೆ ಕಣೆ" ಅಂದರು. ಆಮೇಲೆ ಕಾಲಿನ ಗಾಯ ಮಾಗದೆ ಒಂದು ಬೆರಳು ತೆಗೆಸಬೇಕಾಯ್ತು. 2014ರಲ್ಲಿ ಹೋಗಿಬಿಟ್ಟರು. ಸಿಹಿ ಕೊಡಬೇಕಿತ್ತು ಅಂತ ನಾನು ಹೇಳ್ತಿಲ್ಲ. ಆದರೆ ಎದುರಿಗೆ ತಿಂದದ್ದಕ್ಕೆ ಲೆಕ್ಕ ಇರುತ್ತೆ, ಕದ್ದು ತಿಂದದ್ದಕ್ಕೆ ಲೆಕ್ಕ ಇರೋಲ್ಲ. ಅಮ್ಮ ಎಷ್ಟು ತಿಂತಿದ್ದರು ಅಂತ ನನಗೂ ಗೊತ್ತಾಗಲಿಲ್ಲ, ಡಾಕ್ಟರಿಗೂ ಗೊತ್ತಾಗಲಿಲ್ಲ. ಅದಕ್ಕೆ ನನ್ನ ಬೀಗವೂ ಕಾರಣ.

ಈಗ ನನ್ನ ಸರದಿ. ನಾನು ಮಾಡಿಕೊಂಡಿರೋದನ್ನ ಹೇಳ್ತೀನಿ, ನಿಮಗೆ ಹೊಂದಿದರೆ ನೋಡಿ. ಭಾನುವಾರ ಮಧ್ಯಾಹ್ನ ಊಟದ ಜೊತೆಗೇ ಒಂದು ಸಿಹಿ, ಬೊಂಬೆ ಬಾಗಿನದ ಗಾತ್ರದ್ದು. ಎಲ್ರ ಎದುರಿಗೇ ತಿಂತೀನಿ. ಉಳಿದ ದಿನ ಬೇಕು ಅನ್ನಿಸಿದರೆ ಭಾನುವಾರ ಬರುತ್ತಲ್ಲ ಅಂದುಕೊಳ್ತೀನಿ. ಬೇಡ ಅಂತ ಮನಸ್ಸಿಗೆ ಹೇಳೋದಕ್ಕಿಂತ ಆಮೇಲೆ ಅನ್ನೋದು ಸುಲಭ. ಮನೇಲಿ ಸಿಹಿ ಡಬ್ಬಿ ಇಡೋದು ಬಿಟ್ಟಿದೀನಿ. ಸಂಜೆ ನಾಲ್ಕಕ್ಕೆ ಬಾಯಿ ಕೆರೆಯೋ ಹೊತ್ತಿಗೆ ಹುರಿದ ಕಡಲೆಕಾಯಿ ಒಂದು ಹಿಡಿ, ಇಲ್ಲಾ ಹೆಸರುಕಾಳು ಉಸಲಿ.

ಎರಡು ಕಡೆ ನಾನೇ ಮೋಸ ಹೋಗಿದ್ದೆ, ಅದನ್ನೂ ಹೇಳಿಬಿಡ್ತೀನಿ. ಬೆಲ್ಲ ಒಳ್ಳೇದು ಅಂತ ಕಾಫಿಗೆ ಎರಡು ಚಮಚ ಹಾಕ್ತಿದ್ದೆ. ರಕ್ತಕ್ಕೆ ಹೋದ ಮೇಲೆ ಬೆಲ್ಲವೂ ಸಕ್ಕರೆಯೇ. ಹಂಗೇ ರಾಗಿ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನ ಕೊಟ್ಟು ಇಳುವರಿ ಹೆಚ್ಚಿಸಿದವರು, ಅವರಿಗೆ ಕೈ ಮುಗೀಬೇಕು. ರಾಗಿಯಲ್ಲಿ ನಾರಿದೆ, ಅಕ್ಕಿಗಿಂತ ಎಷ್ಟೋ ಪಟ್ಟು ಸುಣ್ಣದ ಅಂಶ ಇದೆ. ಆದರೆ ಹಿಟ್ಟಿನ ಅಂಶ ಅಕ್ಕಿಯಷ್ಟೇ ಹತ್ತಿರ ಹತ್ತಿರ. ರಾಗಿ ತಾನೇ ಅಂತ ದೊಡ್ಡ ಮುದ್ದೆ ಎರಡು ನುಂಗಿದರೆ ಆಗೋಲ್ಲ. ಚಿಕ್ಕ ಮುದ್ದೆ ಒಂದು, ಸೊಪ್ಪಿನ ಸಾರು ಹೆಚ್ಚಿಗೆ. ಇನ್ನು ಮಾತ್ರೆ, ಇಂಜೆಕ್ಷನ್ ತಗೊಳ್ಳೋರು ಡಾಕ್ಟರನ್ನ ಕೇಳದೆ ಏಕಾದಶಿ ಉಪವಾಸಕ್ಕೆ ಇಳೀಬೇಡಿ, ಸಕ್ಕರೆ ತಟ್ಟಂತ ಕೆಳಗೆ ಬಿದ್ದುಬಿಡುತ್ತೆ.

ಮನೇಲಿ ಅತ್ತೆಯೋ ಅಮ್ಮನೋ ಸಕ್ಕರೆ ಕಾಯಿಲೆಯವರು ಇದ್ದರೆ ಬೀಗ ಹಾಕೋ ಮುಂಚೆ ಒಂದು ಸಲ ಯೋಚನೆ ಮಾಡಿ. ಡಾಕ್ಟರನ್ನ ಕೇಳಿ, ಎಷ್ಟು ಕೊಡಬಹುದು ಅಂತ ತಿಳ್ಕೊಂಡು, ಹಬ್ಬದ ದಿನ ಅಷ್ಟನ್ನ ನಿಮ್ಮ ಕೈಯಾರೆ ಬಡಿಸಿ. ನನಗೆ ಆ ಭಾಗ್ಯ ತಪ್ಪಿಹೋಯ್ತು.

ದಸರಾಕ್ಕೆ ನಮ್ಮನೇಲಿ ಗೊಂಬೆ ಕೂರಿಸ್ತೀನಿ, ಎಲ್ರೂ ಅರಿಶಿನ ಕುಂಕುಮಕ್ಕೆ ಬನ್ನಿ. ಈ ಸಲ ದೊಡ್ಡವರಿಗೂ ಮಕ್ಕಳ ಅಳತೆಯದೇ ಬಾಗಿನ, ಒಬ್ಬೊಬ್ಬರಿಗೆ ಒಂದೊಂದೇ. ಚಿಕ್ಕದಾಯ್ತು ಅಂತ ಯಾರೂ ಮುಖ ಊದಿಸಿಕೊಳ್ಳಬೇಡಿ. ಅಮ್ಮನ ಫೋಟೋ ಮುಂದೆ ಮೊದಲನೇದು ಇಟ್ಟೇ ನಿಮಗೆ ಕೊಡ್ತೀನಿ.