ಚೆನ್ನೆಮಣೆಯ ಕಾಯಿ, ಗಣಕದ ನಾಣ್ಯ

ಕೊಪ್ಪ ತಾಲ್ಲೂಕಿನ ಭಂಡಿಗಡಿಯಂಥ ಊರಿನಲ್ಲಿ ಮಳೆಗಾಲ ಕಳೆದವರಿಗೆ ಚೆನ್ನೆಮಣೆಯ ಪರಿಚಯ ಬೇಕಾಗಿಲ್ಲ. ಬಯಲುಸೀಮೆಯವರು ಅಳಿಗುಳಿಮಣೆ ಎಂದರೆ ಗುರುತಿಸಿಯಾರು. ಮಣೆಯಲ್ಲಿ 14 ಗುಳಿಗಳು. ಗುಳಿಗೆ 4ರಂತೆ ಕಾಯಿ ಹಾಕಿದರೆ ಒಟ್ಟು 56. ಆಟ ಎಷ್ಟೇ ಹೊತ್ತು ನಡೆಯಲಿ, 56 ಕಾಯಿ 57 ಆಗುವುದಿಲ್ಲ. ನೀವು ಗೆದ್ದದ್ದೆಲ್ಲ ಎದುರಾಳಿ ಕಳೆದುಕೊಂಡದ್ದೇ. ಮುಂದಿನ ಸುತ್ತಿಗೆ ತನ್ನ ಗುಳಿಗಳನ್ನು ತುಂಬಿಸಲಾರದವನು ಅಷ್ಟು ಗುಳಿಗಳನ್ನು ಖಾಲಿ ಬಿಡಬೇಕು. ಇಲ್ಲಿ ದಿವಾಳಿತನ ಉಂಟು, ಹಣದುಬ್ಬರವಿಲ್ಲ.

ಸಾವಿರಾರು ಜನ ಒಟ್ಟಿಗೆ ಆಡುವ ಗಣಕ ಆಟಗಳಲ್ಲಿ ಹೀಗೆ ಲೆಕ್ಕ ಕೂಡಿಸುವುದು ಸುಲಭವಾಗಲಿಲ್ಲ. 1986ರಲ್ಲಿ ಲ್ಯೂಕಾಸ್‌ಫಿಲ್ಮ್ ಸಂಸ್ಥೆ 'ಹ್ಯಾಬಿಟಾಟ್' ಎಂಬ ಆಟವನ್ನು ದೂರವಾಣಿ ತಂತಿಯ ಮೂಲಕ ಪ್ರಯೋಗಕ್ಕೆ ಬಿಟ್ಟಿತು. ಹೊಸಬರಿಗೆ 2,000 ಟೋಕನ್, ಬಂದ ದಿನಕ್ಕೆ ಮತ್ತೆ 100. ಅಲ್ಲಿನ ಮಾರಾಟಯಂತ್ರವೊಂದು ಸ್ಫಟಿಕದ ಗೋಲವನ್ನು 18,000 ಟೋಕನ್‌ಗೆ ಮಾರುತ್ತಿತ್ತು. ಊರಿನ ಇನ್ನೊಂದು ಯಂತ್ರ ಅದನ್ನೇ 30,000ಕ್ಕೆ ಕೊಳ್ಳುತ್ತಿತ್ತು! ಕೆಲವರು ರಾತ್ರಿಯಿಡೀ ಓಡಾಡಿದರು. ಬೆಳಗಾಗುವಾಗ ಆಟದಲ್ಲಿದ್ದ ಒಟ್ಟು ಹಣ ಐದು ಪಟ್ಟಾಗಿತ್ತು. ಅವರು ನಿಯಮ ಮುರಿದಿರಲಿಲ್ಲ, ಆದ್ದರಿಂದ ಹಣ ಕಿತ್ತುಕೊಳ್ಳುವುದು ನ್ಯಾಯವಾಗುತ್ತಿರಲಿಲ್ಲ. ಅದೇ ಹಣದಲ್ಲಿ ಅವರು ಇತರರಿಗಾಗಿ ನಿಧಿಶೋಧದ ಆಟಗಳನ್ನು ನಡೆಸಿದರು.

1997ರ 'ಅಲ್ಟಿಮಾ ಆನ್‌ಲೈನ್' ಚೆನ್ನೆಮಣೆಯ ದಾರಿಯನ್ನೇ ಹಿಡಿಯಿತು. ಲೋಕದ ಒಟ್ಟು ಸಂಪತ್ತು ನಿಗದಿ. ಬಳಸಿದ್ದು ಮರಳಿ ಭಂಡಾರಕ್ಕೆ. ಲೆಕ್ಕ ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಆಟಗಾರರು ಅಂಗಿ, ಕತ್ತಿಗಳನ್ನು ಪೆಟ್ಟಿಗೆಯಲ್ಲಿ ಕೂಡಿಟ್ಟರು, ಭಂಡಾರ ಬತ್ತಿತು, ಹೊಸದೇನೂ ಹುಟ್ಟದಾಯಿತು. ವಿನ್ಯಾಸಕಾರರು ಆ ವ್ಯವಸ್ಥೆಯನ್ನು ಕೈಬಿಡಬೇಕಾಯಿತು. ಚೆನ್ನೆಮಣೆಯಲ್ಲಿ ಗೆದ್ದ ಕಾಯಿ ಮುಂದಿನ ಸುತ್ತಿಗೆ ಮಣೆಗೆ ಬರಲೇಬೇಕು ಎಂಬ ನಿಯಮ ಎಷ್ಟು ದೊಡ್ಡದೆಂದು ಇಲ್ಲಿ ತಿಳಿಯುತ್ತದೆ.

ಆ ಬಳಿಕ ನಲ್ಲಿ ಮತ್ತು ಬಚ್ಚಲಿನ ಲೆಕ್ಕವೇ ಗಟ್ಟಿಯಾಯಿತು. ನೀವೇ ಗುಣಿಸಿ ನೋಡಿ: 1,000 ಆಟಗಾರರು ದಿನಕ್ಕೆ ತಲಾ 50 ಹೊಸ ನಾಣ್ಯ ಗಳಿಸಿ, ದುರಸ್ತಿ, ಸುಂಕಗಳಿಗೆ 30 ತೆತ್ತರೆ, ತಿಂಗಳಿಗೆ 6 ಲಕ್ಷ ನಾಣ್ಯ ಹೆಚ್ಚಾಗುತ್ತದೆ. ಸರಕು ಅಷ್ಟೇ ಇದ್ದರೆ ಬೆಲೆ ಏರುತ್ತದೆ. ನಿನ್ನೆ ಕೂಡಿಟ್ಟವನ ದುಡಿಮೆ ಇಂದು ಕರಗುತ್ತದೆ. ಆಟಗಾರರು ಪರಸ್ಪರ ಮಾರಿಕೊಂಡರೆ ನಾಣ್ಯ ಕೈ ಬದಲಿಸುತ್ತದೆಯೇ ಹೊರತು ಕಡಿಮೆಯಾಗದು.

ಸರಕಿನ ಬಚ್ಚಲು ಬೇರೆ, ಹಣದ ಬಚ್ಚಲು ಬೇರೆ. ಐಸ್‌ಲೆಂಡಿನ ಸಂಸ್ಥೆಯೊಂದು 2003ರಲ್ಲಿ ಹೊರತಂದ 'ಈವ್ ಆನ್‌ಲೈನ್'ನಲ್ಲಿ ಯುದ್ಧದಲ್ಲಿ ಒಡೆದ ನೌಕೆ ಶಾಶ್ವತವಾಗಿ ಹೋಯಿತು. ಆದರೆ ಅದಕ್ಕೆ ವಿಮೆ ಇದ್ದರೆ ಹೊಸ ಹಣ ಹುಟ್ಟುತ್ತದೆ! ಯುದ್ಧ ಹೆಚ್ಚಿದರೆ ನೌಕೆ ಕಡಿಮೆ, ಹಣ ಜಾಸ್ತಿ. ಈ ಸಂಸ್ಥೆ 2007ರಲ್ಲಿ ಅರ್ಥಶಾಸ್ತ್ರಜ್ಞರೊಬ್ಬರನ್ನು ನೇಮಿಸಿಕೊಂಡದ್ದು ಶೋಕಿಗಲ್ಲ. ಸರಕು, ಬೆಟ್ಟೆ, ರಾಶಿ ಎಂದು ಅಡಿಕೆ ವಿಂಗಡಿಸಿ ಧಾರಣೆ ಕಾಯುವ ಕೊಪ್ಪದ ಬೆಳೆಗಾರರಿಗೆ ಪೂರೈಕೆಯ ಈ ಪಾಠ ಹೊಸದೇನಲ್ಲ.

ಇನ್ನು ನಾಣ್ಯಕ್ಕೆ ನಿಜವಾದ ದುಡ್ಡು ಬೆಸೆದಾಗ ಏನಾಗುತ್ತದೆ? 'ಡಯಾಬ್ಲೊ 3' ಆಟ 2012ರಲ್ಲಿ ನಿಜ ಹಣದ ಹರಾಜುಕಟ್ಟೆ ತೆರೆಯಿತು. ಬೇಕಾದ ಆಯುಧ ಅಂಗಡಿಯಲ್ಲೇ ಸಿಕ್ಕರೆ ರಾಕ್ಷಸರೊಡನೆ ಹೋರಾಡುವುದೇಕೆ? 2014ರ ಮಾರ್ಚಿನಲ್ಲಿ ಅದನ್ನು ಮುಚ್ಚಿದರು.

'ಫಾರ್ಮ್‌ವಿಲ್' ನಿಮಗೆ ನೆನಪಿರಬಹುದು. 2009ರಲ್ಲಿ ಅದನ್ನು ಹೊರತಂದ ಜಿಂಗಾ, ಮರುವರ್ಷ ಬೆಂಗಳೂರಿನಲ್ಲೂ ಕಚೇರಿ ತೆರೆಯಿತು. ಅದರಲ್ಲಿ ಬೆಳೆ ಕೊಯ್ದರೆ ಬರುವ ನಾಣ್ಯ ಒಂದು, ದುಡ್ಡು ಕೊಟ್ಟು ಕೊಳ್ಳಬಹುದಾದ 'ಫಾರ್ಮ್ ಕ್ಯಾಶ್' ಇನ್ನೊಂದು. ಮೊದಲನೆಯದು ಎಷ್ಟು ಉಬ್ಬಿದರೂ ಎರಡನೆಯದರ ಬೆಲೆ ಸಂಸ್ಥೆಯ ಹಿಡಿತದಲ್ಲಿತ್ತು. ಫ್ಲ್ಯಾಶ್ ತಂತ್ರಾಂಶದ ಕಾಲ ಮುಗಿದು 2020ರ ಡಿಸೆಂಬರ್ 31ರಂದು ಆಟ ನಿಂತಿತು. ಖಾತೆಗಳಲ್ಲಿ ಉಳಿದಿದ್ದ ಎರಡೂ ಬಗೆಯ ನಾಣ್ಯಗಳು ಹೊಲಗಳೊಂದಿಗೇ ಅಳಿದುಹೋದುವು.