ಎಲೆಕ್ಟ್ರಾನ್ ಕೊಡುವವರು ಯಾರು? ಸರಂಧ್ರ ವಸ್ತುಗಳಿಂದ ಇಂಗಾಲದ ಡೈಆಕ್ಸೈಡಿನ ಸೌರ ಪರಿವರ್ತನೆ

ಇಂಗಾಲದ ಡೈಆಕ್ಸೈಡನ್ನು ಇಂಧನವಾಗಿಸುವ ಎರಡು ದಾರಿಗಳನ್ನು ಈ ಲೇಖನ ಒಂದೇ ಅಳತೆಗೋಲಿನಿಂದ ನೋಡುತ್ತದೆ. ಒಂದು ಬೆಂಗಳೂರಿನ ಜಕ್ಕೂರಿನದು, ಇನ್ನೊಂದು ಸಿಯಾಟಲ್‌ಗೆ ಪೂರ್ವದಲ್ಲಿರುವ ಮೋಸೆಸ್ ಲೇಕ್‌ನದು. ಅಳತೆಗೋಲು ಇಷ್ಟೇ: ಎಲೆಕ್ಟ್ರಾನ್ ಎಲ್ಲಿಂದ ಬಂತು?

ಬೆಳಕಿನಿಂದ ಈ ಪರಿವರ್ತನೆ ನಡೆಸುವ ವೇಗವರ್ಧಕಗಳಲ್ಲಿ ಒಂದಾದ ಟೈಟಾನಿಯಂ ಡೈಆಕ್ಸೈಡ್ ಬಹುಮಟ್ಟಿಗೆ ನೇರಳಾತೀತ ಕಿರಣವನ್ನಷ್ಟೇ ಹೀರುತ್ತದೆ; ನೆಲ ಮುಟ್ಟುವ ಬಿಸಿಲಿನಲ್ಲಿ ಅದರ ಪಾಲು ಶೇ. 5ರಷ್ಟು. ಸರಂಧ್ರ ವಸ್ತುಗಳಾದ ಲೋಹ-ಸಾವಯವ ಚೌಕಟ್ಟುಗಳಲ್ಲಿ ಈ ಕಟ್ಟುಪಾಡಿಲ್ಲ. ಬೆಳಕು ಹೀರುವ ಅಣುವನ್ನೂ ವೇಗವರ್ಧಕ ಕೇಂದ್ರವನ್ನೂ ಅಲ್ಲಿ ಒಂದೇ ರಂಧ್ರದೊಳಗೆ ಅಕ್ಕಪಕ್ಕ ಇರಿಸಬಹುದು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಮಾರ್ ಮಾಜಿಯವರ ತಂಡ ಮಾಡಿದ್ದೂ ಇದನ್ನೇ. ಜಿರ್ಕೋನಿಯಂ ಚೌಕಟ್ಟಿನ ಫಾರ್ಮೇಟ್‌ಗಳನ್ನು ತೆಗೆದು ಪೈರೀನ್‌ಬ್ಯುಟಿರಿಕ್ ಆಮ್ಲವನ್ನು ಕಸಿಮಾಡಿ, ಉಳಿದ ಜಾಗಕ್ಕೆ ಮೀಥೈಲ್ ವಯೋಲೊಜೆನ್ ತುಂಬಿದರು. ಈ ಜೋಡಿ ಗೋಚರ ಬೆಳಕನ್ನು ಹಿಡಿದು ಎಲೆಕ್ಟ್ರಾನನ್ನು ಜಿರ್ಕೋನಿಯಂ ಗೊಂಚಲಿಗೆ ದಾಟಿಸುತ್ತದೆ. 2023ರಲ್ಲಿ ಪ್ರಕಟವಾದ ಫಲಿತಾಂಶ: ನೀರಿನ ಮಾಧ್ಯಮದಲ್ಲಿ, ಗ್ರಾಂ ವೇಗವರ್ಧಕಕ್ಕೆ 7.3 ಮಿಲಿಮೋಲ್ ಮೀಥೇನ್. ರಂಧ್ರವಿನ್ಯಾಸದ ದೃಷ್ಟಿಯಿಂದ ಇದು ಸೊಗಸಾದ ಕೆಲಸ.

ಆದರೆ ಈ ಪ್ರಯೋಗದಲ್ಲೂ, ಇಂಥ ಬಹುಪಾಲು ಪ್ರಯೋಗಗಳಂತೆ, ಎಲೆಕ್ಟ್ರಾನ್ ಕೊಟ್ಟು ತಾನು ಕೆಟ್ಟುಹೋಗುವ ರಾಸಾಯನಿಕವೊಂದು ಬೇಕು. ಲೆಕ್ಕ ಹಾಕಿ ನೋಡೋಣ. ಒಂದು ಮೀಥೇನ್ ಅಣುವಿಗೆ 8 ಎಲೆಕ್ಟ್ರಾನ್, 7.3 ಮಿಲಿಮೋಲಿಗೆ 58.4 ಮಿಲಿಮೋಲ್. ದಾನಿ ಟ್ರೈಎಥನಾಲಮೀನ್, ಅದು ಅಣುವಿಗೆ ಎರಡು ಎಲೆಕ್ಟ್ರಾನ್ ಕೊಡುತ್ತದೆ ಎಂದಿಟ್ಟುಕೊಂಡರೆ ಸುಮಾರು 4.4 ಗ್ರಾಂ ದಾನಿ ಖರ್ಚು. ಸಿಗುವ ಮೀಥೇನ್ 0.12 ಗ್ರಾಂ. ಇಂಧನ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಮೋಸೆಸ್ ಲೇಕ್‌ನಲ್ಲಿ ಟ್ವೆಲ್ವ್ ಕಂಪನಿ 2023ರಲ್ಲಿ ವಿಮಾನ ಇಂಧನದ ಘಟಕಕ್ಕೆ ಅಡಿಗಲ್ಲು ಹಾಕಿತು. ಸಿಯಾಟಲ್ ಸೀಮೆಯ ಮೈಕ್ರೋಸಾಫ್ಟ್ ಮತ್ತು ಅಲಾಸ್ಕಾ ಏರ್‌ಲೈನ್ಸ್ ಅದರ ಪಾಲುದಾರರು. ಅಲ್ಲಿ ನೇರ ಬಿಸಿಲು ಬೇಕಿಲ್ಲ: ಜಲವಿದ್ಯುತ್ತಿನಿಂದ ವಿದ್ಯುದ್ವಿಭಜನೆ. ಆನೋಡಿನಲ್ಲಿ ನೀರೇ ಎಲೆಕ್ಟ್ರಾನ್ ಕೊಡುತ್ತದೆ, ಆಮ್ಲಜನಕ ಹೊರಬರುತ್ತದೆ. ಡಿಸೆಂಬರಿನಲ್ಲಿ ಎಂಟೂವರೆ ಗಂಟೆಯಷ್ಟೇ ಹಗಲಿರುವ ಆ ಸೀಮೆಗೆ ಈ ಆಯ್ಕೆ ಸಹಜ. (ಮಳೆ ಸುರಿಸಿ ಹೊಳೆ ತುಂಬಿಸುವವನೂ ಸೂರ್ಯನೇ ಎಂಬುದು ಬೇರೆ ಮಾತು.)

ಆದ್ದರಿಂದ ರಂಧ್ರಗಳ ವಿನ್ಯಾಸ ಇನ್ನು ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದಕ್ಕಿಂತ ನೀರನ್ನು ಉತ್ಕರ್ಷಿಸುವ ಕೇಂದ್ರಗಳತ್ತ ಹೊರಳಬೇಕು. ಪ್ರಬಂಧ ಬರೆಯುವವರು ಗ್ರಾಂಗೆ ಇಷ್ಟು ಮೀಥೇನ್ ಎಂದು ನಮೂದಿಸುವ ಕೋಷ್ಟಕದಲ್ಲೇ ಖರ್ಚಾದ ದಾನಿಯ ಪ್ರಮಾಣವನ್ನೂ ಹೊರಬಂದ ಆಮ್ಲಜನಕವನ್ನೂ ಕೊಡಲಿ.